ಕೆಂಪೆಲ್ಲ ಸಿಪ್ಪೆಯಲ್ಲಿ

ಜೋಯಿಡಾ ಕಡೆ ಬೇಸಿಗೆಯ ಕೊನೆಯೆಂದರೆ ಮುರುಗಲಿನ ಕಾಲ. ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಅಂಗಳದಲ್ಲಿ ಒಣಗಿಸಿಟ್ಟರೆ ಆಯಿತು. ಆಮೇಲೆ ಯಾವಾಗ ನಾಲ್ಕು ಸಿಪ್ಪೆ ನೀರಿಗೆ ಹಾಕಿದರೂ ನೀರು ಕೆಂಪಾಗುತ್ತದೆ. ಕೆಂಪು ವೈನಿನ ಗುಟ್ಟೂ ಇದೇ. ಕಪ್ಪು ದ್ರಾಕ್ಷಿಯೊಂದನ್ನು ಹಿಚುಕಿ ನೋಡಿ, ಒಳಗಿನ ರಸಕ್ಕೆ ಬಣ್ಣವೇ ಇಲ್ಲ. ಮುರುಗಲಿಗೂ ದ್ರಾಕ್ಷಿಗೂ ಕೆಂಪು ಕೊಡುವುದು ಸಿಪ್ಪೆಯಲ್ಲಿರುವ ಆಂಥೋಸಯನಿನ್ ಎಂಬ ಬಣ್ಣದ ವಸ್ತು.

ಆದರೆ ಮುರುಗಲಿಗೆ ಒಗ್ಗಿದ ನಮ್ಮ ಕಾಡಿನ ಮಳೆ ದ್ರಾಕ್ಷಿಗೆ ಆಗದು. ಎಲೆ ಒದ್ದೆಯಾಗಿಯೇ ಉಳಿದರೆ ಬೂಜು ಹಿಡಿಯುತ್ತದೆ, ಗೊನೆ ಕೊಳೆಯುತ್ತದೆ. ಹಾಗಾಗಿ ಒಳ್ಳೆಯ ಕೆಂಪು ವೈನ್ ಹುಡುಕಿಕೊಂಡು ಹೋಗುವವರು ಮಲೆನಾಡು ಇಳಿದು ನಂದಿಬೆಟ್ಟದ ತಪ್ಪಲು ಸೇರಬೇಕು.

ಅಲ್ಲಿ ಮೊದಲು ಫ್ರೆಂಚ್ ತಳಿಗಳನ್ನು ನೆಚ್ಚಿದವರು ಕನ್ವಲ್ ಗ್ರೋವರ್. ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಜೊತೆಗೂಡಿ, ಯಾವ ಬಳ್ಳಿ ಇಲ್ಲಿ ನಿಲ್ಲುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವೈನ್‌ಯಾರ್ಡ್ಸ್ ಕಟ್ಟಿದರು. ಮೊದಲ ವೈನ್ ಬಂದದ್ದು 1992ರಲ್ಲಿ. ಮುಂದೆ ಬೋರ್ಡೋದ ಹೆಸರಾಂತ ತಜ್ಞ ಮಿಷೆಲ್ ರೋಲಾಂ ಸಲಹೆಗಾರರಾದರು. ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಬೆರೆಸಿ ಮಾಡಿದ ‘ಲಾ ರಿಸರ್ವ್’ ಈ ತೋಟಕ್ಕೆ ಹೆಸರು ತಂದಿತು. ಸುತ್ತಲಿನ ರೈತರು ತಲೆಮಾರುಗಳಿಂದ ಬೆಳೆದ ‘ಬೆಂಗಳೂರು ಬ್ಲೂ’ ಬೇರೆಯೇ ಜಾತಿ. ತಿನ್ನಲು, ಜ್ಯೂಸಿಗೆ, ಸಿಹಿ ವೈನಿಗೆ ಅದು ಸೊಗಸು.

ನನಗೆ ಬಹಳ ಮೆಚ್ಚುಗೆಯಾದದ್ದು ಅಲ್ಲಿನ ಬೇಸಾಯ. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಇದನ್ನು ಚಾಟ್ನಿ ಎನ್ನುತ್ತಾರೆ. ಬೇಸಿಗೆಯದು ಕಡ್ಡಿ ಬಲಿಯುವುದಕ್ಕೆ, ಮಳೆಗಾಲ ಹಿಂದೆ ಸರಿಯುವಾಗಿನದು ಹಣ್ಣಿಗೆ. ಎರಡು ಚಾಟ್ನಿ, ಫಸಲು ಮಾತ್ರ ಒಂದೇ. ಕಾಯಿ ತುಂಬುವ ತಿಂಗಳುಗಳಲ್ಲಿ ಆಕಾಶ ಒಣಗಿರುತ್ತದೆ. ಹಗಲಿನ ಬಿಸಿಲು ಸಿಹಿ ಏರಿಸಿದರೆ, ಎತ್ತರದ ಊರಿನ ತಂಪು ರಾತ್ರಿ ಹುಳಿಯನ್ನು ಕಾಯುತ್ತದೆ. ಈ ಎರಡೂ ಕೂಡದ ವೈನ್ ಬರೀ ಸಪ್ಪೆ.

ಕುಯ್ದ ಹಣ್ಣನ್ನು ತೊಟ್ಟು ಬಿಡಿಸಿ, ಒಡೆದು, ಸಿಪ್ಪೆ ಬೀಜದ ಸಮೇತ ಸ್ಟೀಲ್ ಟ್ಯಾಂಕಿಗೆ ತುಂಬುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತಾ ಹೋದಂತೆ ಗಾಳಿಗುಳ್ಳೆಗಳು ಸಿಪ್ಪೆಯನ್ನೆಲ್ಲ ಮೇಲಕ್ಕೆ ಎತ್ತಿ ದಪ್ಪ ಕೆನೆಯಂತೆ ಕಟ್ಟುತ್ತವೆ. ಅದನ್ನು ಹಾಗೇ ಬಿಡುವಂತಿಲ್ಲ. ತಳದ ರಸವನ್ನು ಪಂಪಿನಿಂದ ಎತ್ತಿ, ದಿನಕ್ಕೆ ಹಲವು ಸಲ ಅದರ ಮೇಲೆ ಸುರಿಯಬೇಕು. ಬಣ್ಣ ಇಳಿಯುವುದು ಆಗಲೇ.

ಬಣ್ಣದ ಜೊತೆ ಇನ್ನೊಂದು ಇಳಿಯುತ್ತದೆ: ಒಗರು. ವೈನ್ ಬಲ್ಲವರು ಟ್ಯಾನಿನ್ ಎನ್ನುವುದು ಇದನ್ನೇ. ಅಡಿಕೆ ಅಗಿದ, ನೆಲ್ಲಿಕಾಯಿ ಕಚ್ಚಿದ ಬಾಯಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಹೊಸ ವೈನಿನ ಒಗರು ಒಸಡನ್ನು ಹಿಡಿದೆಳೆಯುತ್ತದೆ. ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟಾಗ ಮರದ ಸಂದುಗಳಿಂದ ಸ್ವಲ್ಪ ಸ್ವಲ್ಪವೇ ಗಾಳಿ ಆಡಿ ಅದು ಪಳಗುತ್ತದೆ. ಒಳ್ಳೆಯ ಕೆಂಪು ವೈನಿನ ಗುಟುಕು ಗಂಟಲಿನಾಚೆ ಹೋದಮೇಲೂ ಆ ಒಗರು ನಾಲಗೆಯ ಅಂಚಿನಲ್ಲಿ ಉಳಿದಿರುತ್ತದೆ, ಮೆತ್ತಗೆ.