ನರಗಳ ನಾಮಾವಳಿ

ಬೆಳಗಿನ ಕಾಫಿಯ ಹೊತ್ತು. ಮನೆಯ ಯಜಮಾನರು ಲೋಟವನ್ನು ಕೈಗೆತ್ತಿಕೊಂಡರು. ಲೋಟ ಕೈಯಲ್ಲಿ ನಿಲ್ಲಲಿಲ್ಲ. ಏನೋ ಹೇಳಹೊರಟರು, ಮಾತು ತೊದಲಿತು. "ರಾತ್ರಿ ಕೈಯನ್ನು ಮಗ್ಗುಲಡಿಯಲ್ಲಿಟ್ಟು ಮಲಗಿದಿರೇನೋ, ನರ ಹಿಡಿದುಕೊಂಡಿರಬೇಕು" ಎಂದರು ಮನೆಯಾಕೆ. ಎಳ್ಳೆಣ್ಣೆ ಬಿಸಿಯಾಯಿತು, ತೋಳಿಗೆ ನೀವಿದ್ದೂ ಆಯಿತು. "ಒಂದು ಗಳಿಗೆ ಮಲಗಲಿ, ಸರಿಹೋಗುತ್ತದೆ" ಎಂದು ಹಿರಿಯರು ಸಮಾಧಾನ ಹೇಳಿದರು. ಮಧ್ಯಾಹ್ನದ ವೇಳೆಗೆ ಬಲಗೈ ಬಲಗಾಲುಗಳೆರಡೂ ಬಿದ್ದುಹೋಗಿದ್ದವು.

ಇಂಥ ಪ್ರಸಂಗ ನಡೆಯದ ಊರಿಲ್ಲ. ಮನೆಯವರ ಅಕ್ಕರೆಯಲ್ಲಿ ಕೊರತೆಯೇನೂ ಇರಲಿಲ್ಲ. ಅವರ ದಾರಿ ತಪ್ಪಿಸಿದ್ದು ಒಂದು ಪದ: 'ನರ'. ರೋಗಗಳಿಗೆ ನಾವು ಇಟ್ಟುಕೊಂಡಿರುವ ಹೆಸರುಗಳು ನಮ್ಮ ಹಿರಿಯರು ಏನನ್ನು ಕಂಡರು, ಏನೆಂದು ಊಹಿಸಿದರು ಎಂಬುದನ್ನು ತಿಳಿಸುತ್ತವೆ. ದೇಹದೊಳಗೆ ನಿಜವಾಗಿ ನಡೆಯುತ್ತಿರುವುದನ್ನು ಅವು ತಿಳಿಸುವುದು ಅಪರೂಪ. ನರರೋಗಗಳ ವಿಷಯದಲ್ಲಂತೂ ಈ ಅಂತರ ಪ್ರಾಣಕ್ಕೇ ಸಂಚಕಾರ ತರಬಲ್ಲುದು.

ಒಂದು ಪದ, ಮೂರು ಅಂಗ

ಚುಚ್ಚುಮದ್ದು ಕೊಡುವ ದಾದಿ ಮುಂಗೈಯನ್ನು ತಟ್ಟಿ, "ನರ ಸಿಗುತ್ತಿಲ್ಲ" ಎನ್ನುತ್ತಾಳೆ. ಆಕೆ ಹುಡುಕುತ್ತಿರುವುದು ರಕ್ತನಾಳವನ್ನು. ಹಿಮ್ಮಡಿ ನೊಂದ ಆಟಗಾರ "ನರ ಎಳೆದಿದೆ" ಎನ್ನುತ್ತಾನೆ. ಅವನಿಗೆ ಪೆಟ್ಟಾಗಿರುವುದು ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹುರಿಗೆ. ವೈದ್ಯರ ಮಾತಿನಲ್ಲಿ ಮಾತ್ರ ನರವೆಂದರೆ ಮಿದುಳು, ಬೆನ್ನುಹುರಿಗಳಿಂದ ಹೊರಟು ದೇಹದಲ್ಲೆಲ್ಲ ಹರಡಿ, ಅರಿವನ್ನು ಒಳಕ್ಕೂ ಅಪ್ಪಣೆಯನ್ನು ಹೊರಕ್ಕೂ ಒಯ್ಯುವ ತಂತು.

ಈ ಗೊಂದಲ ನಮ್ಮೊಬ್ಬರದೇ ಅಲ್ಲ. ತಮಿಳಿನ 'ನರಂಬು' ಎಂಬ ಪದಕ್ಕೆ ವೀಣೆಯ ತಂತಿಯೆಂಬ ಅರ್ಥವೂ ಉಂಟು. ಗ್ರೀಕರ 'ನ್ಯೂರಾನ್' ಮೊದಲಿಗೆ ಬಿಲ್ಲಿನ ಹೆದೆಗೂ ಮಾಂಸವನ್ನು ಬಿಗಿದ ಹುರಿಗೂ ಸಲ್ಲುತ್ತಿದ್ದ ಪದ. ಕ್ರಿಸ್ತಪೂರ್ವ 300ರ ಆಸುಪಾಸಿನಲ್ಲಿ ಅಲೆಕ್ಸಾಂಡ್ರಿಯಾ ನಗರದ ಹೆರೋಫಿಲಸ್, ಎರಾಸಿಸ್ಟ್ರಾಟಸ್ ಎಂಬ ವೈದ್ಯರು ಶವಗಳನ್ನು ಸೀಳಿ ನೋಡಿ, ಹುರಿಗಿಂತ ನರವು ಬೇರೆಯೆಂದು ತೋರಿಸಿಕೊಟ್ಟರು. ಅಂಗಗಳು ಬೇರೆಯಾದುವು, ಹೆಸರು ಮಾತ್ರ ಹಳೆಯದೇ ಉಳಿಯಿತು.

ನಮ್ಮ 'ಸ್ನಾಯು' ಈ ನ್ಯೂರಾನಿಗೆ ಬಳ್ಳಿಸಂಬಂಧದ ಪದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಅದರ ಹಣೆಬರಹ ನೋಡಿ: ಸುಶ್ರುತ ಸಂಹಿತೆಯಲ್ಲಿ ಸ್ನಾಯುವೆಂದರೆ ದೇಹದ ಕಟ್ಟುಗಳನ್ನು ಬಿಗಿಯುವ ಹುರಿ, ಬಂಗಾಳಿಯಲ್ಲಿ ನರ, ಕನ್ನಡದಲ್ಲಿ ಮಾಂಸಖಂಡ!

ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ಪ್ರಕಟಿಸಿದ ಮಿದುಳಿನ ಗ್ರಂಥದಿಂದ 'ನ್ಯೂರಾಲಜಿ' ಎಂಬ ಶಾಸ್ತ್ರನಾಮ ಬಂದಿತು. 1891ರಲ್ಲಿ ಜರ್ಮನಿಯ ವಾಲ್ಡೆಯರ್ ನರಕೋಶಕ್ಕೆ 'ನ್ಯೂರಾನ್' ಎಂದು ಹೆಸರಿಟ್ಟನು. ಬಿಲ್ಲಿನ ಹೆದೆಯ ಹೆಸರು ಹೀಗೆ, ಮಾನವನ ಮಿದುಳಿನಲ್ಲಿ ಸುಮಾರು 8600 ಕೋಟಿ ಇವೆಯೆಂದು ಎಣಿಕೆಯಾಗಿರುವ ಸೂಕ್ಷ್ಮ ಕೋಶಗಳಿಗೆ ಬಂದು ಸೇರಿತು.

ಹೊಡೆದವರು ಯಾರು?

"ಲಕ್ವ ಹೊಡೆಯಿತು" ಎನ್ನುತ್ತೇವೆ. ಆಯುರ್ವೇದದ 'ಪಕ್ಷಾಘಾತ'ದಲ್ಲಿಯೂ ಆಘಾತ, ಎಂದರೆ ಹೊಡೆತ, ಇದೆ. ಗ್ರೀಕರ 'ಅಪೊಪ್ಲೆಕ್ಸಿಯ' ಎಂದರೂ ಹೊಡೆದು ಬೀಳಿಸುವುದೇ. ಇಂಗ್ಲಿಷಿನ 'ಸ್ಟ್ರೋಕ್' ಎಂದರೂ ಏಟೇ. ನಿಂತ ಮನುಷ್ಯ ನಿಂತಂತೆಯೇ ಕುಸಿದುದನ್ನು ಕಂಡ ಜನಕ್ಕೆ, ಕಾಣದ ಕೈಯೊಂದು ಹೊಡೆಯಿತೆಂದು ತೋರಿದುದು ಸಹಜವೇ. ಕನ್ನಡದ 'ಪಾರ್ಶ್ವವಾಯು' ಇನ್ನೊಂದು ಊಹೆಯನ್ನು ಹೇಳುತ್ತದೆ: ದೇಹದ ಚಲನೆಗೆಲ್ಲ ವಾಯುವೇ ಒಡೆಯನಾದುದರಿಂದ, ಅದು ಒಂದು ಪಾರ್ಶ್ವದಲ್ಲಿ ಕೆಟ್ಟರೆ ಆ ಪಾರ್ಶ್ವ ನಿಶ್ಚಲವಾಗುತ್ತದೆ.

ಕೇಡು ಇರುವುದು ಕೈಕಾಲಿನಲ್ಲಲ್ಲ, ತಲೆಯೊಳಗೆ. ಸ್ವಿಟ್ಜರ್ಲೆಂಡಿನ ವೈದ್ಯ ವೆಪ್ಫರ್, ಹೀಗೆ ಸತ್ತವರ ಮಿದುಳಿನಲ್ಲಿ ರಕ್ತ ಸೋರಿ ನಿಂತಿದ್ದುದನ್ನು 1658ರಲ್ಲಿಯೇ ವರದಿ ಮಾಡಿದನು. ಮಿದುಳಿನ ರಕ್ತನಾಳವೊಂದು ಹೆಪ್ಪಿನಿಂದ ಕಟ್ಟಿಕೊಳ್ಳಬಹುದು, ಇಲ್ಲವೆ ಒಡೆಯಬಹುದು. ಎಡಮಿದುಳು ಕೆಟ್ಟರೆ ಬಲಭಾಗ ಬೀಳುತ್ತದೆ. ಅನೇಕ ವೇಳೆ ಮಾತೂ ಹೋಗುತ್ತದೆ. ಹೆಪ್ಪಿನಿಂದ ಆದುದಾದರೆ ಅದನ್ನು ಕರಗಿಸುವ ಔಷಧವುಂಟು. ಆದರೆ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ, ಅದೂ ಮಿದುಳಿನ ಸ್ಕ್ಯಾನ್ ತೆಗೆದು ರಕ್ತಸ್ರಾವವಿಲ್ಲವೆಂದು ಖಚಿತ ಮಾಡಿಕೊಂಡ ಮೇಲೆ, ಕೊಡಬೇಕು. ತೋಳಿಗೆ ಎಣ್ಣೆ ನೀವುತ್ತ ಕುಳಿತ ಪ್ರತಿ ನಿಮಿಷವೂ ಈ ನಾಲ್ಕೂವರೆ ಗಂಟೆಗಳಿಂದ ಕಳೆದುಹೋಗುತ್ತದೆ.

'ಲಕ್ವ'ದಲ್ಲಿ ಮತ್ತೊಂದು ತೊಡಕಿದೆ. ಅರಬ್ಬೀ ಭಾಷೆಯಿಂದ ಬಂದ ಈ ಪದಕ್ಕೆ ಮೂಲದಲ್ಲಿ ಮುಖದ ಒಂದು ಪಕ್ಕ ಸೊಟ್ಟಗಾಗುವುದೆಂದು ಅರ್ಥ. ಮುಖದ ನರವೊಂದೇ ಕೆಟ್ಟಾಗ ಬರುವ ಈ ಬೇನೆಯನ್ನು ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ 19ನೆಯ ಶತಮಾನದಲ್ಲಿ ವಿವರಿಸಿದನು; ಬಹುಪಾಲು ರೋಗಿಗಳು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಗುಣ ಹೊಂದುತ್ತಾರೆ. ಇದರಲ್ಲಿ ಸಾಮಾನ್ಯವಾಗಿ ಆ ಪಕ್ಕದ ಹಣೆಯೂ ನೆರಿಗೆಗಟ್ಟುವುದಿಲ್ಲ. ಮಿದುಳಿನ ಆಘಾತದಲ್ಲಿ ಹಣೆ ಸಾಮಾನ್ಯವಾಗಿ ಉಳಿದುಕೊಂಡು, ಬಾಯಿಯ ಕಡೆ ಜೋಲುತ್ತದೆ. ಎರಡನ್ನೂ ನಾವು ಲಕ್ವವೆಂದೇ ಕರೆಯುತ್ತೇವೆ. ಒಬ್ಬರಿಗೆ ನಾಟಿ ಮದ್ದಿನಿಂದ ಲಕ್ವ ವಾಸಿಯಾಯಿತೆಂದು ಕೇಳಿ ಇನ್ನೊಬ್ಬರನ್ನು ಅಲ್ಲಿಗೆ ಹೊತ್ತೊಯ್ಯುವಾಗ, ರೋಗ ಅದೇ ಆಗಿರದೆ ಹೆಸರು ಮಾತ್ರ ಅದೇ ಆಗಿರಬಹುದು. ಯಾವುದು ಯಾವುದೆಂದು ನಿರ್ಣಯಿಸುವುದು ವೈದ್ಯರ ಕೆಲಸ.

ಹಿಡಿದವರು ಯಾರು?

ಲಕ್ವ ಹೊಡೆಯುವ ರೋಗವಾದರೆ, ಮೂರ್ಛೆರೋಗ ಹಿಡಿಯುವ ರೋಗ. 'ಎಪಿಲೆಪ್ಸಿ' ಎಂಬುದು ಮೇಲೆ ಬಿದ್ದು ಹಿಡಿದುಕೊಳ್ಳುವುದು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದಿದೆ. ಹಿಡಿದದ್ದು ದೇವರೋ ದೆವ್ವವೋ ಎಂದು ಜನ ತರ್ಕಿಸುತ್ತಿದ್ದ ಕಾಲದಲ್ಲಿಯೇ, ಇಂದಿಗೆ ಸುಮಾರು 2400 ವರ್ಷಗಳ ಹಿಂದೆ, ಹಿಪಾಕ್ರಟಿಸನ ಪಂಥದ ಒಂದು ಗ್ರಂಥ ಇದು ಇತರ ರೋಗಗಳಂತೆ ಒಂದು ರೋಗವೆಂದೂ ಮೂಲ ಮಿದುಳಿನಲ್ಲಿದೆಯೆಂದೂ ಸಾರಿತು. ನಮ್ಮ 'ಅಪಸ್ಮಾರ' ಪದವು ಯಾರನ್ನೂ ದೂರದೆ, ಕಂಡುದನ್ನಷ್ಟೇ ಹೇಳುತ್ತದೆ: ಸ್ಮೃತಿ ತಪ್ಪುವುದು. ಆದರೆ ನಟರಾಜನ ಪಾದದಡಿಯಲ್ಲಿ ಬಿದ್ದಿರುವ ಕುಳ್ಳನಿಗೂ ಅದೇ ಹೆಸರು.

ಜರ್ಮನಿಯ ಹಾನ್ಸ್ ಬರ್ಗರ್ ಮಾನವನ ಮಿದುಳಿನ ವಿದ್ಯುತ್ ತರಂಗಗಳನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದ ಮೇಲೆ ಹಿಡಿತದ ಗುಟ್ಟು ಕಾಗದದ ಮೇಲೆ ಗೆರೆಯಾಗಿ ಮೂಡಿತು: ನರಕೋಶಗಳು ಕ್ರಮ ತಪ್ಪಿ ಒಟ್ಟಿಗೆ ಮಿಡಿಯುವುದೇ ಸೆಳವು. ನಮ್ಮ ದೇಶದಲ್ಲಿ ಇದಕ್ಕೆ ಒಂದು ಮುಖ್ಯ ಕಾರಣ, ಕೊಳಕು ನೀರು, ತೊಳೆಯದ ಸೊಪ್ಪು ತರಕಾರಿಗಳ ಮೂಲಕ ಹೊಟ್ಟೆ ಸೇರುವ ಲಾಡಿಹುಳುವಿನ ಮೊಟ್ಟೆಗಳು. ಸರಿಯಾದ ಔಷಧ ದೊರೆತರೆ ನೂರಕ್ಕೆ ಎಪ್ಪತ್ತರಷ್ಟು ಮಂದಿ ಸೆಳವಿಲ್ಲದೆ ಬಾಳಬಲ್ಲರು. ಕೈಗೆ ಬೀಗದ ಕೈ ಕೊಡುವುದರಿಂದಾಗಲಿ ಮೂಗಿಗೆ ಈರುಳ್ಳಿ ಹಿಡಿಯುವುದರಿಂದಾಗಲಿ ಸೆಳವು ನಿಲ್ಲುವುದಿಲ್ಲ. ರೋಗಿಯನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನನ್ನೂ ಇಡದೆ, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಧಾವಿಸಬೇಕು.

ಈ ಹೆಸರಿನ ಭಾರ ಹೊತ್ತವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು ನೊಂದವರು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯಿದೆಯಲ್ಲಿ, ಮದುವೆಗೆ ಅಡ್ಡಿಯಾಗುವ ಸಂಗತಿಗಳ ನಡುವೆ, ಹುಚ್ಚಿನ ಪಕ್ಕದಲ್ಲಿಯೇ ಅಪಸ್ಮಾರವೂ ಸೇರಿತ್ತು. 1999ರಲ್ಲಿ ಸಂಸತ್ತು ಆ ಒಂದು ಪದವನ್ನು ತೆಗೆದುಹಾಕಿತು. ಕಾನೂನಿನಿಂದ ಪದ ಅಳಿಸಿತು. ವರಾನ್ವೇಷಣೆಗೆ ಹೊರಟವರ ಮನಸ್ಸಿನಿಂದ ಇನ್ನೂ ಪೂರ್ತಿಯಾಗಿ ಅಳಿಸಿಲ್ಲ. ರೋಗವನ್ನು ಮುಚ್ಚಿಟ್ಟು ಮದುವೆ ಮಾಡಿ, ಗುಟ್ಟು ಹೊರಬಿದ್ದೀತೆಂಬ ಅಂಜಿಕೆಯಿಂದ ಮಾತ್ರೆ ನಿಲ್ಲಿಸಿಬಿಟ್ಟ ಹೆಣ್ಣುಮಗಳ ಸಂಕಟ ಊಹಿಸಲಾಗದುದಲ್ಲ.

ನಡುಕವೂ ದೌರ್ಬಲ್ಯವೂ

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಆರು ಜನ ರೋಗಿಗಳನ್ನು ಗಮನಿಸಿ 'ನಡುಗುವ ಪಾರ್ಶ್ವವಾಯು' ಎಂಬರ್ಥದ ಹೆಸರಿನಲ್ಲಿ ಕಿರುಗ್ರಂಥವನ್ನು ಬರೆದನು. ಅವರಲ್ಲಿ ಕೆಲವರನ್ನು ಅವನು ಕಂಡುದು ಬೀದಿಯಲ್ಲಿಯೇ. ಇಲ್ಲಿ ಅಂಗಗಳು ನಿಜವಾಗಿ ಬಿದ್ದುಹೋಗುವುದಿಲ್ಲವಾದುದರಿಂದ ಆ ಹೆಸರು ಸಲ್ಲದೆಂದು ಪ್ಯಾರಿಸ್ಸಿನ ಶಾರ್ಕೋ ತೀರ್ಮಾನಿಸಿ, ಪಾರ್ಕಿನ್ಸನನ ಹೆಸರನ್ನೇ ರೋಗಕ್ಕೆ ಇಟ್ಟನು. ನಮ್ಮ 'ಕಂಪವಾತ'ಕ್ಕೆ ಹಳೆಯ ವೈದ್ಯರು ಬಳಸುತ್ತಿದ್ದ ನಸುಗುನ್ನಿ ಬೀಜದಲ್ಲಿ 'ಲೆವೊಡೋಪ' ಎಂಬ ವಸ್ತುವಿರುವುದನ್ನು 1937ರಲ್ಲಿ ಮದರಾಸಿನ ದಾಮೋದರನ್, ರಾಮಸ್ವಾಮಿ ಎಂಬ ವಿಜ್ಞಾನಿಗಳು ತೋರಿಸಿದರು. 1960ರ ದಶಕದಲ್ಲಿ ಅದೇ ವಸ್ತು ಈ ರೋಗಕ್ಕೆ ಮುಖ್ಯ ಔಷಧವಾಯಿತು. ಹೆಸರು ತಪ್ಪಿದರೂ ಅನುಭವ ಫಲಿಸಿದ ಉದಾಹರಣೆಯಿದು. ಹಾಗೆಂದು ಬೀಜವನ್ನು ತಾವೇ ಅರೆದು ಕುಡಿಯುವುದು ತರವಲ್ಲ. ಅದರ ಪ್ರಮಾಣ ಮನೆಯಲ್ಲಿ ಅಳೆಯುವಂಥದಲ್ಲ.

ಕೊನೆಯದು ಗೋಡೆಗೋಡೆಗಳ ಮೇಲೆ ರಾರಾಜಿಸುವ 'ನರದೌರ್ಬಲ್ಯ'. ಅಮೆರಿಕದ ಜಾರ್ಜ್ ಬಿಯರ್ಡ್ 1869ರಲ್ಲಿ 'ನ್ಯೂರಾಸ್ತೀನಿಯ' ಎಂಬ ಹೆಸರನ್ನು ಪ್ರಚಾರಕ್ಕೆ ತಂದು, ಆಯಾಸ, ನಿದ್ರಾಭಂಗ, ತಲೆನೋವುಗಳನ್ನೆಲ್ಲ ಅದರಲ್ಲಿ ತುಂಬಿದನು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಆದರೂ ಪುಡಿ ಲೇಹ್ಯಗಳ ವ್ಯಾಪಾರ ನಿಂತಿಲ್ಲ. ಪಾದ ಜೋಮು ಹಿಡಿದವನಿಗೆ ಮಧುಮೇಹವಿರಬಹುದು. ಸದಾ ಬಳಲುವವಳಿಗೆ ರಕ್ತಹೀನತೆಯೋ ಖಿನ್ನತೆಯೋ ಇರಬಹುದು. ಎಲ್ಲಕ್ಕೂ ಒಂದೇ ಹೆಸರಿಟ್ಟರೆ ಯಾವುದಕ್ಕೂ ಮದ್ದಾಗದು.

ಹೆಸರಿಗಿಂತ ಹೊತ್ತು ಮುಖ್ಯ

ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ 1974ರಲ್ಲಿ 'ನಿಮ್ಹಾನ್ಸ್' ಆದಾಗ, ಮನಸ್ಸಿನ ಜೊತೆಗೆ ನರವಿಜ್ಞಾನವೂ ಸಂಸ್ಥೆಯ ಹೆಸರಿನಲ್ಲಿಯೇ ಸೇರಿಕೊಂಡಿತು. ಅಂಥ ಆಸ್ಪತ್ರೆಯ ಬಾಗಿಲಿನಲ್ಲಿ ರೋಗದ ಹೆಸರು ಗೊತ್ತಿಲ್ಲವೆಂದು ಯಾರೂ ನಾಚಬೇಕಾಗಿಲ್ಲ. ಮುಖ ಸೊಟ್ಟಗಾಯಿತೆ, ಎತ್ತಿದ ಕೈ ಕುಸಿಯಿತೆ, ಮಾತು ತೊದಲಿತೆ, ಎಷ್ಟು ಗಂಟೆಗೆ: ಇಷ್ಟು ಹೇಳಿದರೆ ಸಾಕು. ಮಲಗಿ ಎದ್ದಾಗಲೇ ಹೀಗಾಗಿದ್ದರೆ, ಕೊನೆಯ ಬಾರಿಗೆ ಚೆನ್ನಾಗಿದ್ದುದನ್ನು ಕಂಡದ್ದು ಯಾವಾಗ ಎಂಬುದೇ ಲೆಕ್ಕ.

ಅಂದು ಕಾಫಿಯ ಲೋಟ ಬಿದ್ದ ಮನೆಯಲ್ಲಿ ಮನೆಯಾಕೆ ಎಣ್ಣೆಯ ಬಟ್ಟಲಿಗೆ ಬದಲು ಗೋಡೆಯ ಗಡಿಯಾರದತ್ತ ನೋಡಿದ್ದರೆ ಬಲಗೈ ಉಳಿಯುವ ಸಂಭವವಿತ್ತು.