ಆಪತ್ಕಾಲಕ್ಕೊಂದು ಸಂಚಿ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವುದು ನಮಗೆಲ್ಲರಿಗೂ ಅಭಿಮಾನದ ಸಂಗತಿ. ಈ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನೆನಪುಗಳ ಜೊತೆಗೆ ನಾಲ್ಕು ಜನರಿಗೆ ಉಪಯೋಗಕ್ಕೆ ಬರುವ ವಿಷಯವೊಂದನ್ನು ಬರೆಯುವುದು ಲೇಸೆಂದು ತೋರಿತು. ಪ್ರವಾಹ, ಬೆಂಕಿ, ಅಪಘಾತ, ಭೂಕಂಪಗಳು ಹೇಳಿ ಬರುವುದಿಲ್ಲ. ಅವು ಬಂದ ಗಳಿಗೆಯಲ್ಲಿ ನಮ್ಮ ಮೈಮೇಲೆ, ನಮ್ಮ ಕೈಚೀಲದಲ್ಲಿ ಏನಿರಬೇಕು, ಅದನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

ಶಾಲೆಯಲ್ಲಿ ನಮಗೆ ಮೂರನೆಯ ಇಯತ್ತೆಯಲ್ಲಿ ಕಲಿಸಿದ ಗುರುಗಳು ಪ್ರತಿ ಸೋಮವಾರ ಪಾಟೀಚೀಲಗಳನ್ನು ತಪಾಸಿಸುತ್ತಿದ್ದರು. ಪಾಟಿ, ಬಳಪ, ಒರೆಸುವ ಹಸಿ ಬಟ್ಟೆ, ಅಂಕಲಿಪಿ ಇವಿಷ್ಟೂ ಇರಬೇಕು. ಇದ್ದರೆ ಸಾಲದು, ಕಣ್ಣು ಮುಚ್ಚಿ ಕೈ ಹಾಕಿದರೂ ಸಿಗಬೇಕು. ಬೇಡದ ಸಾಮಾನು ತುಂಬಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಆ ಶಿಸ್ತಿನ ಬೆಲೆ ನನಗೆ ತಿಳಿದದ್ದು 2019ರ ಆಗಸ್ಟ್ ತಿಂಗಳಿನಲ್ಲಿ.

ಆಗ ನಾನು ಇಚಲಕರಂಜಿಯಲ್ಲಿ ಪಂಚಗಂಗೆಗೆ ಸಮೀಪದ ತಗ್ಗು ಪ್ರದೇಶದ ಬಾಡಿಗೆ ಮನೆಯಲ್ಲಿದ್ದೆ. ಗಡಹಿಂಗ್ಲಜ ತಾಲೂಕಿನ ನಮ್ಮ ಊರಿನಿಂದ ತಂದೆಯವರು ಬಂದು ನನ್ನೊಡನೆ ಇದ್ದರು. ಆ ವರ್ಷ ಕೊಲ್ಲಾಪುರದ ರಾಜಾರಾಮ ಬಂಧಾರದ ಬಳಿ ಪಂಚಗಂಗೆಯ ನೀರು 55 ಅಡಿಯನ್ನು ದಾಟಿತು. ಅಲ್ಲಿ 39 ಅಡಿಗೆ ಎಚ್ಚರಿಕೆಯ ಮಟ್ಟ, 43 ಅಡಿಗೆ ಅಪಾಯದ ಮಟ್ಟ. ಮನೆ ಬಿಡಬೇಕೆಂಬ ಸೂಚನೆ ಬಂದಾಗ ನಾನು ಗಡಿಬಿಡಿಯಲ್ಲಿ ತೆಗೆದುಕೊಂಡದ್ದು ಮೋಟಾರ್ ಸೈಕಲ್ಲಿನ ಕೀಲಿ, ಮನೆಯ ಕಾಗದಪತ್ರಗಳ ಪೆಟ್ಟಿಗೆ ಮತ್ತು ಮೊಬೈಲು. ತಂದೆಯವರ ಗುಳಿಗೆಗಳ ಡಬ್ಬಿ ಗೋಡೆಗೂಡಿನಲ್ಲೇ ಉಳಿಯಿತು.

ಶಾಲೆಯೊಂದರಲ್ಲಿ ತೆರೆದಿದ್ದ ನಿರಾಶ್ರಿತರ ಶಿಬಿರಕ್ಕೆ ಸೇರಿದೆವು. ಎರಡನೆಯ ದಿನ ತಂದೆಯವರಿಗೆ ತಲೆ ಸುತ್ತತೊಡಗಿತು. ಅವರಿಗೆ ರಕ್ತದೊತ್ತಡವೂ ಇತ್ತು, ಸಕ್ಕರೆ ಕಾಯಿಲೆಯೂ ಇತ್ತು. ಶಿಬಿರಕ್ಕೆ ಬಂದ ವೈದ್ಯರು ಯಾವ ಗುಳಿಗೆ ಎಂದು ಕೇಳಿದರು. "ದೊಡ್ಡದೊಂದು ಬಿಳಿಯದು ಊಟವಾದ ಮೇಲೆ, ಸಣ್ಣದೊಂದು ಗುಲಾಬಿ ಬಣ್ಣದ್ದು ಮುಂಜಾನೆ" ಎಂದೆ. ವೈದ್ಯರು ನನ್ನ ಮುಖ ನೋಡಿದರು. ಪದವೀಧರನಾದ ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಗಡಹಿಂಗ್ಲಜದಲ್ಲಿರುವ ತಮ್ಮನ ಮನೆಯಲ್ಲಿ ಹಳೆಯ ಔಷಧದ ಚೀಟಿ ಇತ್ತು. ಆದರೆ ನನ್ನ ಮೊಬೈಲು ಸತ್ತು ಒಂದು ದಿನವಾಗಿತ್ತು, ತಮ್ಮನ ನಂಬರು ನನಗೆ ಬಾಯಿಪಾಠವಿರಲಿಲ್ಲ.

ಆಗ ತಂದೆಯವರೇ ಕ್ಷೀಣ ದನಿಯಲ್ಲಿ, "ನನ್ನ ಸಂಚಿ ಬಿಚ್ಚಿ ನೋಡಪಾ" ಎಂದರು. ಅದು ಅವರ ಎಲೆಯಡಿಕೆಯ ಸಂಚಿ. ಒಂದು ಅರೆಯಲ್ಲಿ ಅಡಿಕೆ, ಇನ್ನೊಂದರಲ್ಲಿ ಸುಣ್ಣದ ಡಬ್ಬಿ, ಮೂರನೆಯದರಲ್ಲಿ ನಾಲ್ಕಾಗಿ ಮಡಚಿದ ನೂರರ ಐದು ನೋಟು, ಸೂಜಿ-ದಾರ ಮತ್ತು ಪ್ಲಾಸ್ಟಿಕ್ ಕಾಗದದಲ್ಲಿ ಸುತ್ತಿದ ಒಂದು ಚೀಟಿ. ಚೀಟಿಯಲ್ಲಿ ತಮ್ಮನ ನಂಬರನ್ನು ಅವರೇ ತಮ್ಮ ಕೈಯಿಂದ ಕನ್ನಡದ ಅಂಕಿಗಳಲ್ಲಿ ಬರೆದಿಟ್ಟಿದ್ದರು. ಫೋನು ಕೊಟ್ಟ ಸ್ವಯಂಸೇವಕ ಹುಡುಗನಿಗೆ ಆ ಅಂಕಿಗಳು ಓದಲು ಬರಲಿಲ್ಲ. ನಾನು ಓದಿ ಹೇಳಿದೆ, ಅವನು ಒತ್ತಿದ. ತಮ್ಮ ಔಷಧಗಳ ಹೆಸರು ಹೇಳಿದ, ವೈದ್ಯರು ಬರೆದುಕೊಂಡರು, ಸಂಜೆಯ ಹೊತ್ತಿಗೆ ಗುಳಿಗೆ ಬಂದವು. ತಂದೆಯವರು ಉಳಿದರು. ಆದರೆ ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅವರೊಬ್ಬರೇ ಇದ್ದು, ಪ್ರಜ್ಞೆ ತಪ್ಪಿದ್ದರೆ, ಆ ಕನ್ನಡದ ಚೀಟಿಯನ್ನು ಓದುವವರು ಯಾರಿದ್ದರು?

ಇಷ್ಟನ್ನು ಹೇಳಿದ ಕಾರಣವಿಷ್ಟೆ. ನಾಲ್ಕನೆಯ ಇಯತ್ತೆ ಓದಿದ ತಂದೆಯವರ ಸಂಚಿಯಲ್ಲಿ ಇದ್ದದ್ದು ನನ್ನ ದೊಡ್ಡ ಪೆಟ್ಟಿಗೆಯಲ್ಲಿ ಇರಲಿಲ್ಲ. ಆಪತ್ತಿನಲ್ಲಿ ಕೆಲಸಕ್ಕೆ ಬರುವುದು ಮನೆಯ ಅಟ್ಟದ ಮೇಲಿರುವ ಬೆಲೆಬಾಳುವ ಸಾಧನವಲ್ಲ. ಪ್ರತಿನಿತ್ಯ ಮೈಮೇಲೆ ಇರುವ ಚಿಕ್ಕ ವಸ್ತು.

ಆರಿಸುವ ಬಗೆ

ಯಾವುದೇ ವಸ್ತುವನ್ನು ನಿತ್ಯದ ಸಂಚಿಗೆ ಸೇರಿಸುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು, ಇದನ್ನು ನಾನು ದಿನಾಲೂ ಹೊರಬಲ್ಲೆನೆ? ಭಾರವಾದದ್ದು ಎಂಟು ದಿನಗಳಲ್ಲಿ ಮನೆಯಲ್ಲೇ ಉಳಿಯುತ್ತದೆ. ಎರಡನೆಯದು, ಕತ್ತಲೆಯಲ್ಲಿ, ಮಳೆಯಲ್ಲಿ, ನಡುಗುವ ಕೈಯಿಂದ ಇದನ್ನು ಬಳಸಬಲ್ಲೆನೆ? ಮೂರನೆಯದು, ಇದು ಕೆಟ್ಟರೆ ಅಥವಾ ತೀರಿದರೆ ಊರಿನ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆಯೆ? ನಾಲ್ಕನೆಯದು, ಇದು ಒಂದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆಯೆ? ದೊಡ್ಡ ಕರವಸ್ತ್ರ ಅಥವಾ ಪಂಜೆ ಇದಕ್ಕೆ ಒಳ್ಳೆಯ ಉದಾಹರಣೆ: ಹೊಗೆಯಲ್ಲಿ ಮೂಗಿಗೆ ಹಿಡಿಯಲು, ಗಾಯವನ್ನು ಒತ್ತಿ ಕಟ್ಟಲು, ಮುರಿದ ಕೈಗೆ ಜೋಳಿಗೆ ಮಾಡಲು, ಕದಡಿದ ನೀರನ್ನು ಸೋಸಲು ಒಂದೇ ಬಟ್ಟೆ ಸಾಕು.

ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿದ ಮೇಲೆ ಸಾಮಾನುಗಳನ್ನು ಮೂರು ಸ್ಥಾನಗಳಲ್ಲಿ ಹಂಚಬೇಕು: ಜೇಬಿನಲ್ಲಿ, ಚೀಲದಲ್ಲಿ, ಮನೆಯ ಬಾಗಿಲ ಬಳಿ.

ಜೇಬಿನಲ್ಲಿ ಇರಬೇಕಾದವು

ಗುರುತಿನ ಚೀಟಿ, ಸಣ್ಣ ನೋಟುಗಳು, ಒಂದು ಸೀಟಿ ಮತ್ತು ಕರವಸ್ತ್ರ ಇವಿಷ್ಟು ಜೇಬಿನಲ್ಲಿರಲಿ. ವಿದ್ಯುತ್ತು ಹೋಗಿ ಮೊಬೈಲ್ ಗೋಪುರಗಳು ನಿಂತರೆ ಫೋನಿನ ಮೂಲಕ ಹಣ ಕೊಡುವ ಸೌಲಭ್ಯವೂ ನಿಲ್ಲುತ್ತದೆ. ಆಗ ಹತ್ತರ, ಇಪ್ಪತ್ತರ, ಐವತ್ತರ ನೋಟುಗಳೇ ಗತಿ. ಸೀಟಿಯನ್ನು ಆಟದ ಸಾಮಾನೆಂದು ಉಪೇಕ್ಷಿಸಬಾರದು. ಕೂಗಿ ಕೂಗಿ ಗಂಟಲು ಬತ್ತಿದ ಮೇಲೂ ಸೀಟಿ ಊದಬಹುದು; ಗಾಳಿ-ಮಳೆಯ ಸದ್ದಿನಲ್ಲೂ ಅದು ದೂರಕ್ಕೆ ಕೇಳಿಸುತ್ತದೆ. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ ಊದುವುದನ್ನು ಹಲವು ದೇಶಗಳಲ್ಲಿ ಸಹಾಯ ಬೇಡುವ ಸಂಕೇತವೆಂದು ತಿಳಿಯುತ್ತಾರೆ.

ಗುರುತಿನ ಚೀಟಿಯ ವಿಷಯದಲ್ಲಿ ಗಡಿನಾಡಿನವರಾದ ನಾವು ಒಂದು ವಿಶೇಷವನ್ನು ನೆನಪಿಡಬೇಕು. ನಮ್ಮ ರೋಗಿಗಳು ಒಮ್ಮೆ ಕೊಲ್ಲಾಪುರಕ್ಕೆ, ಒಮ್ಮೆ ಮಿರಜಕ್ಕೆ, ಒಮ್ಮೆ ಬೆಳಗಾವಿಗೆ ಹೋಗುವವರು. ಆದ್ದರಿಂದ ಚೀಟಿಯು ಕನ್ನಡ, ಮರಾಠಿ ಎರಡರಲ್ಲೂ ಇರಬೇಕು. ಔಷಧದ ಹೆಸರು ಮತ್ತು ಫೋನಿನ ಅಂಕಿಗಳು ಇಂಗ್ಲಿಷಿನಲ್ಲಿರಬೇಕು. ಹೆಸರು, ವಯಸ್ಸು, ಊರು, ರಕ್ತದ ಗುಂಪು, ಇರುವ ಕಾಯಿಲೆ, ಸೇವಿಸುವ ಔಷಧ ಮತ್ತು ಅದರ ಪ್ರಮಾಣ, ಒಗ್ಗದ ಔಷಧ, ಬೇರೆ ಬೇರೆ ಊರುಗಳಲ್ಲಿರುವ ಇಬ್ಬರು ಬಂಧುಗಳ ನಂಬರು ಇವಿಷ್ಟನ್ನು ಬಾಲ್ ಪೆನ್ನಿನಿಂದ ಬರೆದು, ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಪಾಕೀಟಿನಲ್ಲಿ ಇಡಬೇಕು. ಸರಕಾರದ ಸಹಾಯವಾಣಿಗಳನ್ನೂ ಅದರ ಹಿಂಬದಿಗೆ ಬರೆಯಬಹುದು: ಯಾವುದೇ ತುರ್ತಿಗೆ 112, ಅಂಬುಲೆನ್ಸಿಗೆ 108, ಜಿಲ್ಲಾ ಆಪತ್ತು ನಿಯಂತ್ರಣ ಕೊಠಡಿಗೆ 1077.

ಚೀಲದಲ್ಲಿ ಇರಬೇಕಾದವು

ಕೆಲಸಕ್ಕೆ ಒಯ್ಯುವ ಚೀಲದಲ್ಲಿ ಒಂದು ಸಣ್ಣ ಎಲ್.ಇ.ಡಿ. ಬ್ಯಾಟರಿ ಇರಲಿ. ಪೆನ್ಸಿಲ್ ಸೆಲ್ಲಿನಿಂದ ನಡೆಯುವಂಥದ್ದು ಉತ್ತಮ, ಏಕೆಂದರೆ ಆ ಸೆಲ್ಲು ಎಲ್ಲೆಡೆಯೂ ಸಿಗುತ್ತದೆ. ಮೊಬೈಲಿನ ಬೆಳಕನ್ನೇ ನಂಬಿದರೆ ಕರೆ ಮಾಡಬೇಕಾದ ಹೊತ್ತಿಗೆ ಫೋನು ಸತ್ತಿರುತ್ತದೆ. 10,000 ಮಿಲಿ ಆಂಪಿಯರ್ ಅವರ್ ಎಂದು ಬರೆದಿರುವ ಪವರ್ ಬ್ಯಾಂಕು ಸಾಧಾರಣ ಫೋನನ್ನು ಒಂದು ಸಲವಾದರೂ ಪೂರ್ತಿ ತುಂಬಬಲ್ಲದು. ಇವುಗಳ ಜೊತೆಗೆ ನೀರಿನ ಬಾಟಲಿ, ಎರಡು ಓ.ಆರ್.ಎಸ್. ಪೊಟ್ಟಣ, ಸುರುಳಿ ಬ್ಯಾಂಡೇಜು, ಸಣ್ಣ ಕತ್ತರಿ, ಎರಡು-ಮೂರು ಮಾರು ನೈಲಾನ್ ಹಗ್ಗ ಮತ್ತು ಮೂರು ದಿನಗಳ ಗುಳಿಗೆ ಇರಲಿ. ಗುಳಿಗೆಗಳನ್ನು ಬಿಡಿಸಿ ಡಬ್ಬಿಯಲ್ಲಿ ಹಾಕದೆ ಹೆಸರು ಕಾಣುವಂತೆ ಪಟ್ಟಿಯ ಸಮೇತ ಇಡಬೇಕು. ಸಕ್ಕರೆ ಕಾಯಿಲೆಯವರ ಚೀಲದಲ್ಲಿ ಸ್ವಲ್ಪ ಸಕ್ಕರೆ ಅವಶ್ಯ; ಔಷಧ ತೆಗೆದುಕೊಂಡು ಊಟ ತಪ್ಪಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಓ.ಆರ್.ಎಸ್. ಇಲ್ಲದಿದ್ದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಸಾಕು.

ಊರಿಗೆ ತಕ್ಕಂತೆ ಈ ಪಟ್ಟಿಯಲ್ಲಿ ಸ್ವಲ್ಪ ವ್ಯತ್ಯಾಸ ಆಗಬೇಕು. ಇಚಲಕರಂಜಿಯ ಯಂತ್ರಮಗ್ಗಗಳ ಕಾರಖಾನೆಯಲ್ಲಿ ರಾತ್ರಿ ಪಾಳಿ ಮಾಡುವ ಬಂಧುಗಳಿಗೆ ಸೀಟಿಯೂ ಬ್ಯಾಟರಿಯೂ ಎಲ್ಲಕ್ಕಿಂತ ಮುಖ್ಯ. ಮಗ್ಗಗಳ ಸದ್ದಿನಲ್ಲಿ ಕೂಗು ಕೇಳಿಸದು. ಹತ್ತಿಯ ಧೂಳು ಹಾರಾಡುವಲ್ಲಿ ಕಡ್ಡಿ ಗೀರಿ ದಾರಿ ಹುಡುಕುವುದು ಬೆಂಕಿಯನ್ನು ಕರೆದಂತೆ. ಗಡಹಿಂಗ್ಲಜದ ಕಡೆ ರಾತ್ರಿ ಕಬ್ಬಿಗೆ ನೀರು ಹಾಯಿಸುವವರಿಗೆ ಬ್ಯಾಟರಿ ಮತ್ತು ಬೂಟು ಬೇಕು. ಹಾವು ಕಚ್ಚಿದರೆ ಚೀಲದ ಹಗ್ಗವನ್ನು ಬಿಗಿಯಾಗಿ ಕಟ್ಟುವುದಾಗಲಿ, ಕತ್ತರಿಯಿಂದ ಕೊಯ್ಯುವುದಾಗಲಿ ಕೂಡದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಕೊಲ್ಲಾಪುರಕ್ಕೆ ದಿನಾಲೂ ಹೋಗಿಬರುವವರು ಮಳೆಗಾಲದಲ್ಲಿ ಒಂದು ರಾತ್ರಿ ಹೊರಗೆ ಉಳಿಯುವ ಸಿದ್ಧತೆಯಿಂದಲೇ ಹೊರಡಬೇಕು. 2019 ಮತ್ತು 2021 ಎರಡು ಸಲವೂ ಶಿರೋಳಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿ ನೀರಿನಲ್ಲಿ ಮುಳುಗಿ ದಿನಗಟ್ಟಲೆ ಸಂಚಾರ ನಿಂತಿತ್ತು.

ಬಾಗಿಲ ಬಳಿ ಇರಬೇಕಾದವು

ಮನೆ ಬಿಡುವಾಗ ಎತ್ತಿಕೊಳ್ಳುವ ಚೀಲವೊಂದು ಬಾಗಿಲ ಬಳಿ ಎತ್ತರದ ಗೂಟಕ್ಕೆ ತೂಗುತ್ತಿರಲಿ. ಕಾಗದಪತ್ರಗಳ ಜೆರಾಕ್ಸ್ ಪ್ರತಿ, ಒಂದು ಜೊತೆ ಬಟ್ಟೆ, ಹೊದಿಕೆ, ಒಣ ತಿನಿಸು, ನೀರು ಶುದ್ಧಿಗೊಳಿಸುವ ಕ್ಲೋರಿನ್ ಗುಳಿಗೆ, ಹೆಣ್ಣುಮಕ್ಕಳಿಗೂ ಕೂಸುಗಳಿಗೂ ಬೇಕಾದ ವಸ್ತುಗಳು ಅದರಲ್ಲಿರಬೇಕು. ತಿನಿಸಿಗೆ ನಾವು ಪರದೇಶದ ಡಬ್ಬಿಗಳನ್ನು ಹುಡುಕಬೇಕಾಗಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಪುಟಾಣಿ, ಬೆಲ್ಲ ಇವು ಒಲೆಯಿಲ್ಲದೆ ಮೂರು ದಿನ ನಡೆಸುತ್ತವೆ. ಹಾಸಿಗೆಯ ಬಳಿ ಒಂದು ಬ್ಯಾಟರಿಯೂ ಚಪ್ಪಲಿಯೂ ಇರಲಿ. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪವೂ 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವೂ ಬೆಳಗಿನ ಜಾವದ ಕತ್ತಲೆಯಲ್ಲೇ ಆದವು. ಒಡೆದ ಗಾಜಿನ ಮೇಲೆ ಬರಿಗಾಲಿನಿಂದ ಓಡುವವನು ಇನ್ನೊಬ್ಬರಿಗೆ ನೆರವಾಗಲಾರ.

ಸಾಧನಗಳ ಮಿತಿ

ಸಂಚಿ ತುಂಬಿದೆಯೆಂದು ಧೈರ್ಯ ಮಿತಿಮೀರಬಾರದು. 2019ರ ಅದೇ ಪ್ರವಾಹದಲ್ಲಿ ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಜನ ಕಿಕ್ಕಿರಿದಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಸೇತುವೆಯ ಮೇಲೆ ಹರಿಯುವ ನೀರಿಗೆ ಇಳಿಯಲು ಯಾವ ಹಗ್ಗವೂ ಪರವಾನಗಿ ಕೊಡುವುದಿಲ್ಲ. ನೀರು ಏರುವ ಮುನ್ನವೇ ಮನೆ ಬಿಡುವುದು ಎಲ್ಲ ಸಾಧನಗಳಿಗಿಂತ ದೊಡ್ಡ ಸಾಧನ.

ಇನ್ನು ತಪಾಸಣೆ. ಬಳಸದೆ ಇಟ್ಟ ಬ್ಯಾಟರಿಯೊಳಗೆ ಸೆಲ್ಲು ಸೋರುತ್ತದೆ, ಗುಳಿಗೆಯ ಅವಧಿ ಮುಗಿಯುತ್ತದೆ, ಬಂಧುಗಳ ನಂಬರು ಬದಲಾಗುತ್ತದೆ. ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ದಿನ ಗೊತ್ತುಮಾಡಿದ್ದೇವೆ. ಮಿರಗದ ಮಳೆ ಕೂಡುವ ಮೊದಲು ಒಮ್ಮೆ; ಖಂಡೇಪೂಜೆಯ ದಿನ ಇನ್ನೊಮ್ಮೆ. ಕತ್ತಿ, ಕುಡಗೋಲು, ಮಗ್ಗದ ಪಾನಾಗಳನ್ನು ತೊಳೆದು ಪೂಜಿಸುವ ದಿನ ಸಂಚಿಯನ್ನೂ ಬಿಚ್ಚಿ, ಒರೆಸಿ, ಹಳೆಯದನ್ನು ತೆಗೆದು ಹೊಸದನ್ನು ಇಡುತ್ತೇವೆ.

ಕೊನೆಗೆ ಒಂದು ವಿನಂತಿ. ಜೂನ್ ತಿಂಗಳಿನಲ್ಲಿ ನಮ್ಮ ಶಾಲೆಯ ಬಾಗಿಲು ತೆರೆಯುವುದಕ್ಕೂ ಮಳೆಗಾಲ ಆರಂಭವಾಗುವುದಕ್ಕೂ ಹೆಚ್ಚಿನ ಅಂತರವಿಲ್ಲ. ಆ ಮೊದಲ ವಾರದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರಿಗಾಗಿ ಕನ್ನಡ ಮತ್ತು ಮರಾಠಿಯಲ್ಲಿ ಒಂದೊಂದು ಗುರುತಿನ ಚೀಟಿಯನ್ನು ಬರೆದುಕೊಡುವಂತೆ ಗುರುಗಳು ಏರ್ಪಾಡು ಮಾಡಬೇಕು. ಎರಡು ಲಿಪಿಗಳನ್ನು ಬಲ್ಲ ಮಕ್ಕಳು ನಮ್ಮಲ್ಲಿದ್ದಾರೆ. ಈ ಕೆಲಸಕ್ಕೆ ಅವರಿಗಿಂತ ಯೋಗ್ಯರು ಯಾರು? ಕಾಗದ ಹಾಗೂ ಪಾಕೀಟುಗಳ ವೆಚ್ಚವನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಭರಿಸೋಣ.

ತಂದೆಯವರು ಈಗ ಎಲೆಯಡಿಕೆ ಬಿಟ್ಟಿದ್ದಾರೆ, ಸಂಚಿಯನ್ನು ಬಿಟ್ಟಿಲ್ಲ. ಅದರ ಮೂರನೆಯ ಅರೆಯಲ್ಲಿ ಈಗ ಎರಡು ಚೀಟಿಗಳಿವೆ. ಒಂದು ಅವರು ಬರೆದದ್ದು. ಇನ್ನೊಂದು ಇದೇ ಶಾಲೆಯಲ್ಲಿ ಓದುತ್ತಿರುವ ಮೊಮ್ಮಗಳು ಎರಡು ಲಿಪಿಗಳಲ್ಲಿ ಬರೆದುಕೊಟ್ಟದ್ದು.