ಬೆಂಕಿಗೆ ಅಳಿಯದ ವಿಷ

ಫ್ರಾನ್ಸ್ ದೇಶದ ಈಶಾನ್ಯ ಭಾಗದಲ್ಲಿ, ವೆರ್ದನ್ ನಗರದ ಸಮೀಪದ ಅರಣ್ಯವೊಂದರ ನಡುವೆ ಒಂದು ಸಣ್ಣ ಬಯಲಿದೆ. ಸುತ್ತಲೂ ಮರಗಳು ದಟ್ಟವಾಗಿ ಬೆಳೆದಿವೆ. ಬಯಲಿನ ನಡುವಣ ನೆಲ ಮಾತ್ರ ಬಹುಮಟ್ಟಿಗೆ ಬರಿದು. ಅದಕ್ಕೆ ‘ಪ್ಲಾಸ್ ಆ ಗಾಜ್’, ಎಂದರೆ ‘ಅನಿಲದ ಬಯಲು’ ಎಂದು ಹೆಸರು. ೧೯೧೬ರಲ್ಲಿ ವೆರ್ದನ್ನಿನ ಸುತ್ತ ಹತ್ತು ತಿಂಗಳ ಕಾಲ ಘೋರ ಕದನ ನಡೆದುದು ನಿಜ. ಆದರೆ ಈ ಬಯಲು ಕೆಟ್ಟದ್ದು ಯುದ್ಧ ಮುಗಿದ ಮೇಲೆ. ಬಳಕೆಯಾಗದೆ ಉಳಿದ ಸುಮಾರು ಎರಡು ಲಕ್ಷ ರಾಸಾಯನಿಕ ಗುಂಡುಗಳನ್ನು ೧೯೨೦ರ ದಶಕದಲ್ಲಿ ಇಲ್ಲಿ ಸುಟ್ಟುಹಾಕಿದರು. ಅಪಾಯವನ್ನು ಕಳೆಯಬೇಕೆಂಬುದೇ ಅದರ ಉದ್ದೇಶವಾಗಿದ್ದಿತು.

ಇವುಗಳಲ್ಲಿ ‘ನೀಲಿ ಶಿಲುಬೆ’ಯ ಗುರುತುಳ್ಳ ಜರ್ಮನ್ ಗುಂಡುಗಳಿದ್ದುವು. ಅವುಗಳೊಳಗೆ ಸಿಡಿಮದ್ದಿನ ನಡುವೆ ಒಂದು ಗಾಜಿನ ಸೀಸೆ. ಸೀಸೆಯಲ್ಲಿ ಆರ್ಸೆನಿಕ್ಕಿನ ಸಂಯುಕ್ತ. ಗುಂಡು ಸಿಡಿದಾಗ ಅದು ಅತಿ ಸೂಕ್ಷ್ಮವಾದ ಧೂಳಾಗಿ ಸೈನಿಕರ ಮುಖವಾಡವನ್ನೂ ತೂರಿ, ತಡೆಯಲಾರದ ಸೀನು, ವಾಂತಿಗಳನ್ನು ಉಂಟುಮಾಡುವುದು. ಆರ್ಸೆನಿಕ್ ನಮ್ಮ ಹಿರಿಯರಿಗೆ ಪಾಷಾಣವೆಂದು ಪರಿಚಿತವಾದ ವಿಷದ ಮೂಲಧಾತು. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ಲೋಹವೂ ಅಲ್ಲ, ಅಲೋಹವೂ ಅಲ್ಲ; ಆದರೂ ಮಾಲಿನ್ಯದ ಲೆಕ್ಕದಲ್ಲಿ ಅದನ್ನು ಸೀಸ, ತಾಮ್ರ, ಸತುಗಳೊಡನೆ ಭಾರಲೋಹಗಳ ಪಂಕ್ತಿಯಲ್ಲಿಯೇ ಕೂರಿಸುವುದು ವಾಡಿಕೆ.

ಸುಟ್ಟ ಮೇಲೆ ವಿಷ ಏಕೆ ಉಳಿಯಿತು? ಬೆಂಕಿಯ ಶಕ್ತಿ ಒಂದೊಂದು ಪರಮಾಣುವಿಗೆ ಕೆಲವು ಎಲೆಕ್ಟ್ರಾನ್ ವೋಲ್ಟುಗಳನ್ನು ಮೀರುವುದಿಲ್ಲ. ಅಷ್ಟರಿಂದ ಪರಮಾಣುಗಳ ಹೊರಗಿನ ಎಲೆಕ್ಟ್ರಾನುಗಳ ಕಟ್ಟು ಸಡಿಲಬಹುದು, ಸಂಯುಕ್ತ ಒಡೆಯಬಹುದು. ಪರಮಾಣುವಿನ ನ್ಯೂಕ್ಲಿಯಸ್ಸನ್ನು ಬದಲಿಸಲು ಇದರ ಲಕ್ಷಗಟ್ಟಲೆ ಪಾಲು ಶಕ್ತಿ ಬೇಕು. ಅಂದಮೇಲೆ ಸೀನು ತರಿಸುವ ಸಂಯುಕ್ತ ಬೂದಿಯಾಯಿತು. ಆರ್ಸೆನಿಕ್ ಆರ್ಸೆನಿಕ್ಕಾಗಿಯೇ ಉಳಿಯಿತು. ರೇಡಿಯಮ್ಮಿನಂಥ ವಿಕಿರಣಶೀಲ ಧಾತುಗಳಾದರೂ ಕಾಲಕ್ರಮದಲ್ಲಿ ಕ್ಷಯಿಸುತ್ತವೆ. ಇದಕ್ಕೆ ಆ ಗತಿಯೂ ಇಲ್ಲ.

ಟೋಬಿಯಾಸ್ ಬೌಸಿಂಗರ್ ಮತ್ತು ಸಂಗಡಿಗರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತ್ಯಂತ ಕಲುಷಿತವಾದ ಮಾದರಿಯ ಒಂದು ಕಿಲೋಗ್ರಾಂ ಮಣ್ಣಿನಲ್ಲಿ ಸುಮಾರು ೧೭೫ ಗ್ರಾಂ ಆರ್ಸೆನಿಕ್ ಕಂಡುಬಂದಿತು. ಸಾಮಾನ್ಯ ಮಣ್ಣಿನಲ್ಲಿರುವುದು ಕಿಲೋಗ್ರಾಮಿಗೆ ಕೆಲವೇ ಮಿಲಿಗ್ರಾಂ. ಜೊತೆಗೆ ಸತು, ತಾಮ್ರ, ಸೀಸಗಳೂ ವಿಪುಲವಾಗಿದ್ದುವು. ಹೆಚ್ಚು ಕೆಟ್ಟ ಭಾಗದಲ್ಲಿ ಬದುಕಿದ್ದುವು ಒಂದು ಬಗೆಯ ಹುಲ್ಲು, ಒಂದು ಹಾವಸೆ, ಒಂದು ಕಲ್ಲುಹೂವು, ಇಷ್ಟೇ.

ಇಂಥ ನೆಲವನ್ನು ಅಳೆಯುವ ಬಗೆ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ರುಚಿಸುವಂಥದು. ಮಣ್ಣಿನ ಮೇಲೆ ಕ್ಷ-ಕಿರಣವನ್ನು ಹಾಯಿಸಿದರೆ ಪರಮಾಣುವಿನ ಒಳಗಣ ಕಕ್ಷೆಯ ಎಲೆಕ್ಟ್ರಾನೊಂದು ಹೊರಬೀಳುತ್ತದೆ. ಮೇಲಣ ಕಕ್ಷೆಯ ಎಲೆಕ್ಟ್ರಾನ್ ಆ ತೆರವಿಗೆ ಇಳಿಯುತ್ತದೆ. ಇಳಿಯುವಾಗ ತನ್ನ ಧಾತುವಿಗೇ ವಿಶಿಷ್ಟವಾದ ಶಕ್ತಿಯುಳ್ಳ ಕ್ಷ-ಕಿರಣವನ್ನು ಹೊರಸೂಸುತ್ತದೆ. ಈ ಶಕ್ತಿಗೂ ಧಾತುವಿನ ಪರಮಾಣು ಸಂಖ್ಯೆಗೂ ಇರುವ ನಿಯಮವನ್ನು ೧೯೧೩ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ಹೆನ್ರಿ ಮೋಸ್ಲಿ. ಎರಡೇ ವರ್ಷಗಳಲ್ಲಿ, ತನ್ನ ೨೭ನೆಯ ವಯಸ್ಸಿನಲ್ಲಿ, ಆತ ಗಲಿಪೊಲಿಯ ರಣರಂಗದಲ್ಲಿ ಮಡಿದನು. ಅವನನ್ನು ಬಲಿತೆಗೆದುಕೊಂಡ ಮಹಾಯುದ್ಧದ ಕಸವನ್ನು ಇಂದು ಅವನ ನಿಯಮವೇ ಅಳೆಯುತ್ತಿದೆ.

ಈ ಉಪಕರಣವೀಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ನೆಲಕ್ಕೆ ಒತ್ತಿದರೆ ಒಂದೆರಡು ನಿಮಿಷಗಳಲ್ಲಿ ಫಲಿತಾಂಶ ದೊರೆಯುತ್ತದೆ. ಆದರೆ ಪ್ರಕೃತಿ ಇಲ್ಲೊಂದು ತೊಡಕನ್ನು ಇಟ್ಟಿದೆ. ಆರ್ಸೆನಿಕ್ಕಿನ ಮುಖ್ಯ ಕಿರಣದ ಶಕ್ತಿ ೧೦.೫೪ ಕಿಲೋ ಎಲೆಕ್ಟ್ರಾನ್ ವೋಲ್ಟ್. ಸೀಸದ ಎರಡನೆಯ ಕಕ್ಷೆಗೆ ಸಂಬಂಧಿಸಿದ ಕಿರಣದ್ದು ೧೦.೫೫. ಇಷ್ಟು ಸಣ್ಣ ಅಂತರವನ್ನು ಉಪಕರಣ ಬೇರ್ಪಡಿಸಲಾರದು. ಮದ್ದುಗುಂಡುಗಳ ನೆಲದಲ್ಲಿಯೋ ಈ ಎರಡೂ ಒಟ್ಟಿಗೇ ಇರುವುವು! ಆದಕಾರಣ ಸೀಸವನ್ನು ೧೨.೬೧ರ ಬೇರೊಂದು ಕಿರಣದಿಂದ ಅಳೆದು, ಅದರ ಪಾಲನ್ನು ಕಳೆದು, ಉಳಿದುದು ಆರ್ಸೆನಿಕ್ಕೆಂದು ತಿಳಿಯಬೇಕು, ಅಥವಾ ೧೧.೭೩ರಲ್ಲಿರುವ ಆರ್ಸೆನಿಕ್ಕಿನ ಕ್ಷೀಣಕಿರಣವನ್ನು ಆಶ್ರಯಿಸಬೇಕು. ಸೀಸ ಹೆಚ್ಚಿದಷ್ಟೂ ಕಳೆದುಳಿದ ಮೊತ್ತದಲ್ಲಿ ಅನಿಶ್ಚಯವೂ ಹೆಚ್ಚು. ಒದ್ದೆ ಮಣ್ಣು ಬೇರೆ ಅಳತೆಯನ್ನು ತಗ್ಗಿಸಿ ತೋರಿಸುತ್ತದೆ. ಹೀಗಾಗಿ ಕೆಲವು ಮಾದರಿಗಳನ್ನಾದರೂ ಆಮ್ಲದಲ್ಲಿ ಕರಗಿಸಿ ಪ್ರಯೋಗಶಾಲೆಯಲ್ಲಿ ಪರೀಕ್ಷಿಸದೆ ವಿಧಿಯಿಲ್ಲ.

ಮಾದರಿ ತೆಗೆಯುವುದೂ ಸುಲಭವಲ್ಲ. ನೆಲದಲ್ಲಿ ಸಿಡಿಯದ ಗುಂಡು ಹೂತಿದ್ದೀತು. ಮೊದಲು ಕಾಂತಮಾಪಕದಿಂದ ಶೋಧಿಸಿ ಅನಂತರವೇ ಗುದ್ದಲಿ ಮುಟ್ಟಬೇಕು. ಹತ್ತು ಹೆಜ್ಜೆಯ ಅಂತರದಲ್ಲಿ ಸಾಂದ್ರತೆ ನೂರುಪಟ್ಟು ಬದಲಾಗಬಹುದಾದ್ದರಿಂದ ಒಂದೆರಡು ಹಿಡಿ ಮಣ್ಣು ಏನನ್ನೂ ಹೇಳಲಾರದು. ಚೌಕುಳಿಯಾಗಿ ಗೆರೆ ಹಾಕಿ, ಆಳ ಆಳಕ್ಕೆ, ಹೊರಗಿನ ನಿರ್ಮಲ ಮಣ್ಣಿನೊಡನೆ ಹೋಲಿಸಿ ಅಳೆಯಬೇಕು.

ಮಣ್ಣಿನ ಅಳತೆಗಿಂತಲೂ ನೀರಿನ ಅಳತೆ ಮುಖ್ಯವೆಂದು ನನ್ನ ಅಭಿಪ್ರಾಯ. ಕುಡಿಯುವ ನೀರಿನ ಲೀಟರಿಗೆ ೧೦ ಮೈಕ್ರೋಗ್ರಾಂ ಆರ್ಸೆನಿಕ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮೇಲೆ ಹೇಳಿದ ಒಂದು ಕಿಲೋಗ್ರಾಂ ಮಣ್ಣಿನ ಆರ್ಸೆನಿಕ್ಕೆಲ್ಲ ಕರಗಿತೆಂದಿಟ್ಟುಕೊಂಡರೆ, ಅದನ್ನು ಈ ಮಿತಿಗೆ ಇಳಿಸಲು ೧ ಕೋಟಿ ೭೫ ಲಕ್ಷ ಲೀಟರು ನೀರು ಬೇಕು. ಅದೃಷ್ಟವಶಾತ್ ಎಲ್ಲವೂ ಕರಗುವುದಿಲ್ಲ. ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣದ ತುಕ್ಕು ಆರ್ಸೆನಿಕ್ಕನ್ನು ತನ್ನ ಮೈಗೆ ಅಂಟಿಸಿಕೊಂಡಿರುತ್ತದೆ. ಮಣ್ಣಿನಲ್ಲಿ ನೀರು ನಿಂತು ಆಮ್ಲಜನಕ ಮುಗಿಯಿತೆಂದರೆ ಆ ತುಕ್ಕೇ ಕರಗುವುದು, ಹಿಡಿದಿದ್ದುದನ್ನು ಬಿಟ್ಟುಕೊಡುವುದು. ಆದುದರಿಂದ ಇಂಥ ನೆಲದ ಸುತ್ತಲಿನ ವೀಕ್ಷಣಾ ಬಾವಿಗಳಲ್ಲಿ ಆರ್ಸೆನಿಕ್ಕಿನೊಡನೆ ಕಬ್ಬಿಣ, ಆಮ್ಲಜನಕ, ಆಮ್ಲೀಯತೆಗಳನ್ನೂ ನೋಡುತ್ತಾರೆ. ನೆಲ ಒಣಗಿರುವಾಗ ಒಮ್ಮೆ, ನೀರು ನಿಂತಿರುವಾಗ ಮತ್ತೊಮ್ಮೆ.